ತೊಟ್ಟಿ ಮಾವನ ಬಲಗೈ

ನಮ್ಮ ಬ್ಯಾಪ್ಟಿಸ್ಟ್ ಸಭೆಗೆ ಎಪ್ಪತ್ತೈದು ವರ್ಷ ತುಂಬಿದ್ದಕ್ಕೆ ಒಂದು ಚರಿತ್ರೆ ಪುಸ್ತಕ ಅಚ್ಚು ಹಾಕಿಸಿದರು. ನೂರ ಹನ್ನೆರಡು ಪುಟ. ಆರ್ಗನ್ ಪೆಟ್ಟಿಗೆಗೆ ನಾಲ್ಕು ಪುಟ, ಕಿಟಕಿ ಗಾಜುಗಳಿಗೆ ಎರಡು, ಸೂರಿನಲ್ಲಿ ಗೂಡು ಕಟ್ಟಿ ಪ್ರಸಂಗದ ನಡುವೆ ಹಿಕ್ಕೆ ಹಾಕುತ್ತಿದ್ದ ಪಾರಿವಾಳಗಳಿಗೆ ಒಂದೂವರೆ. ನಲವತ್ತೊಂದು ವರ್ಷ ಆ ಕಟ್ಟಡದ ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ದುಡಿದ ನನ್ನ ಮಾವನಿಗೆ ಒಂದೇ ಒಂದು ವಾಕ್ಯ. ಪುಟ ನಲವತ್ತೇಳು, ಕೆಳಗೆ, ಸಣ್ಣ ಅಕ್ಷರದಲ್ಲಿ: ‘ಕಟ್ಟಡ ನೋಡಿಕೊಳ್ಳುವವರ ದೀಕ್ಷಾಸ್ನಾನವು ಕೊಳಾಯಿ ಕೆಲಸದವನ ಅಜಾಗರೂಕತೆಯಿಂದ ಅಪೂರ್ಣವಾಗಿ ಉಳಿಯಿತು.’

ಆ ಕೊಳಾಯಿ ಕೆಲಸದವನು ನಾನು.

ಓದಿದ ದಿನ ಪುಸ್ತಕವನ್ನು ಗೋಡೆಗೆ ಬೀಸಿ ಹೊಡೆದೆ. ಅದು ಪುಟಿದು ಬಂದು ನನ್ನ ಹೆಂಡತಿಯ ಟೀ ಲೋಟದೊಳಗೆ ಬಿತ್ತು. ಆರು ವರ್ಷವಾಯಿತು. ಪುಸ್ತಕ ಒಣಗಿದೆ, ನನ್ನ ಸಿಟ್ಟು ಒಣಗಿಲ್ಲ.

ಬರೆದವರು ನಮ್ಮ ಸಭೆಯ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು. ನನಗೆ ಏಳನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ನಾನು ಶಾಲೆ ಬಿಟ್ಟದ್ದೇ ಅವರ ಕ್ಲಾಸಿನಿಂದ, ಅದೂ ಕಿಟಕಿಯಿಂದ. ಆ ಹೊತ್ತಿಗೆ ಬಾಗಿಲಲ್ಲಿ ಅವರು ನಿಂತಿದ್ದರು. ಹಾಗಾಗಿ ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಅದಕ್ಕೂ ಅವರೇ ಹೊಣೆ. ಮಾವನ ಕಥೆಯನ್ನು ನಡೆದದ್ದು ನಡೆದ ಹಾಗೆ ನಾನೇ ಬರೆಯುತ್ತೇನೆ.

ಮೊದಲು ನಮ್ಮವರ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಮಗುವಿನ ತಲೆಗೆ ನೀರು ಚಿಮುಕಿಸಿ ಮುಗಿಸುವವರಲ್ಲ. ಬುದ್ಧಿ ಬಲಿತವರು ತಾವಾಗಿ ಬಂದು ಕೇಳಬೇಕು, ಆಗ ಅವರನ್ನು ಉಟ್ಟ ಬಟ್ಟೆಯಲ್ಲೇ ಪೂರ್ತಿ ಮುಳುಗಿಸಿ ಎತ್ತಬೇಕು. ಅದೇ ದೀಕ್ಷಾಸ್ನಾನ. ಒಂದು ಕೂದಲೂ ಹೊರಗೆ ಉಳಿಯಬಾರದು. ಇನ್ನೊಂದು, ನಮ್ಮ ಮೇಲೆ ದೊಡ್ಡವರು ಅಂತ ಯಾರೂ ಇಲ್ಲ. ಎಲ್ಲವನ್ನೂ ನಾವೇ ಕೈ ಎತ್ತಿ ತೀರ್ಮಾನ ಮಾಡುತ್ತೇವೆ. ಪಾಸ್ಟರನ್ನು ಕರೆಸುವುದಕ್ಕೂ ಕೈ, ಪೊರಕೆ ಕೊಳ್ಳುವುದಕ್ಕೂ ಕೈ. ಆದರೆ ಮುಳುಗಿ ಎದ್ದವರ ಕೈಗೆ ಮಾತ್ರ ಲೆಕ್ಕ.

ಸಭೆ ಶುರುವಾದದ್ದು ಏಳು ಜನರಿಂದ. ನೀರು ಎಷ್ಟು ಬೇಕು ಎಂಬ ಜಗಳಕ್ಕೆ ಬೇರೆ ಸಭೆಯಿಂದ ಎದ್ದು ಬಂದವರು. ಅವರಿಗೆ ಸಿಕ್ಕಿದ್ದು ಮುಚ್ಚಿಹೋಗಿದ್ದ ಒಂದು ಬಣ್ಣದ ಕಾರ್ಖಾನೆ. ನಡುಮನೆಯ ನೆಲದಲ್ಲೇ ನೂಲು ಅದ್ದುವ ದೊಡ್ಡ ತೊಟ್ಟಿ. ‘ದೇವರೇ ತೋಡಿ ಇಟ್ಟಿದ್ದಾನೆ’ ಎಂದು ಕುಣಿದಾಡಿ, ಒಳಗೆ ಒಂದು ಕೈ ಗಾರೆ ಬಳಿದು ಮೊದಲ ಭಾನುವಾರವೇ ಏಳು ಜನರೂ ಬಿಳಿ ನಿಲುವಂಗಿಯಲ್ಲಿ ಮುಳುಗಿದರು. ಎದ್ದಾಗ ಏಳು ಜನರೂ ನೀಲಿ. ಮೂರು ವಾರ ಕಿವಿ ಮುಚ್ಚಿಕೊಂಡು ಓಡಾಡಿದರಂತೆ. ಆಮೇಲೆ ಇನ್ನೊಂದು ಕೈ ದಪ್ಪ ಗಾರೆ ಬಿತ್ತು, ಬಣ್ಣ ನಿಂತಿತು. ತೊಟ್ಟಿಗೆ ಹಲಗೆ ಮುಚ್ಚಿ ಅದರ ಮೇಲೆ ಪ್ರಸಂಗದ ಪೀಠ ಇಟ್ಟರು. ಈ ನೀಲಿ ಕಥೆ ಮೇಷ್ಟ್ರ ಪುಸ್ತಕದಲ್ಲಿ ಇಲ್ಲ. ಗೌರವಕ್ಕೆ ಕುಂದಂತೆ.

ಆ ತೊಟ್ಟಿಗೆ ನೀರು ತುಂಬಲು ಬಂದವರು ನನ್ನ ಹೆಂಡತಿಯ ಅಪ್ಪ. ನನಗೊಬ್ಬನಿಗೇ ಅಲ್ಲ, ಊರಿಗೇ ಅವರು ‘ತೊಟ್ಟಿ ಮಾವ’. ಆನೆಯಂಥ ಆಳು. ಬಾಗಿಲಲ್ಲಿ ನಿಂತರೆ ಒಳಗಿದ್ದವರು ಹಗಲಲ್ಲೇ ದೀಪ ಹಾಕಬೇಕು. ಗುಡಿಸುವುದು, ಬೆಂಚು ಒರೆಸುವುದು, ಪಾರಿವಾಳ ಓಡಿಸುವುದು ದಿನದ ಕೆಲಸ. ದೀಕ್ಷಾಸ್ನಾನದ ದಿನ ಮಾತ್ರ ಅವರೇ ರಾಜ. ನಲ್ಲಿ ಬಿಟ್ಟರೆ ತೊಟ್ಟಿ ತುಂಬಲು ಆರು ಗಂಟೆ. ಆಮೇಲೆ ಹಿಂದಿನ ಕೋಣೆಯ ಸೌದೆ ಬಾಯ್ಲರಿನಿಂದ ಬಕೆಟ್ಟಿನಲ್ಲಿ ಬಿಸಿನೀರು ಹೊತ್ತು ತಂದು ಸುರಿಯಬೇಕು. ಎಷ್ಟು ಬಕೆಟ್ಟು ಎಂಬುದು ಮಾವನ ಮರ್ಜಿ. ಬೆಂಚಿನ ಕೆಳಗೆ ಕಸ ಹಾಕದ ಹೆಂಗಸಿಗೆ ನಲವತ್ತು ಬಕೆಟ್ಟು. ಕೆಸರು ಕಾಲಲ್ಲಿ ಒಳಗೆ ಬರುವವನಿಗೆ ಐದು. ಮೇಷ್ಟ್ರಿಗೆ ಎರಡೇ ಅಂತೆ.

ನನಗೆ ಸೊನ್ನೆ. ಅವರ ಮಗಳನ್ನು ಕೇಳಿದ್ದೆನಲ್ಲ, ಅದಕ್ಕೆ. ಡಿಸೆಂಬರ್ ತಿಂಗಳು. ಪಾಸ್ಟರು ಮುಳುಗಿಸಿ ಎತ್ತಿದಾಗ ನನ್ನ ಬಾಯಿಂದ ‘ಆಮೆನ್’ ಬರಲಿಲ್ಲ, ಪೈಪು ಒಡೆದಾಗ ಬರುವ ಮಾತು ಬಂತು. ಮಾವ ಟವಲ್ಲು ಚಾಚಿ, “ಪಾಪ ಜಾಸ್ತಿ ಇರೋರಿಗೆ ತಣ್ಣೀರೇ ಒಳ್ಳೇದು, ಅಳಿಯಂದ್ರೇ” ಎಂದರು. ಅಳಿಯ ಎಂದು ಕರೆದದ್ದು ಅದೇ ಮೊದಲು. ಮದುವೆಗೆ ಒಪ್ಪಿಗೆ ಸಿಕ್ಕಿದೆ ಎಂದು ನನಗೆ ತಿಳಿದದ್ದು ಹಲ್ಲು ಕಟಕಟ ಎನ್ನುತ್ತಿರುವಾಗ.

ಮಾವನ ಇನ್ನೊಂದು ಹೆಮ್ಮೆ ಅವರ ಬಲಗೈ. ಸಭೆಯಲ್ಲಿ ಯಾವ ವಿಷಯ ಬಂದರೂ ಮೊದಲು ಏಳುವ ಕೈ ಅದು. ಎದ್ದರೆ ಕಂಬ. ಅವರು ಎತ್ತುವ ಮೊದಲು ಯಾರಾದರೂ ಓಡಿಹೋಗಿ ಫ್ಯಾನು ಆರಿಸಬೇಕಿತ್ತು. ಕೂಲಿ ಮಾಡುವ ಮನುಷ್ಯನ ಮಾತನ್ನು ಬೇರೆಲ್ಲೂ ಯಾರೂ ಕೇಳದಿದ್ದರೂ ಅಲ್ಲಿ ಆ ಕೈಯನ್ನು ಎಣಿಸುತ್ತಿದ್ದರು.

ಎಪ್ಪತ್ತೈದನೇ ವರ್ಷಕ್ಕೆ ಮೇಷ್ಟ್ರು ಒಂದು ಪ್ರಸ್ತಾಪ ತಂದರು. ತೊಟ್ಟಿ ಹಳೆಯದು, ಸೋರುತ್ತದೆ, ಅದನ್ನು ಸಿಮೆಂಟು ಸುರಿದು ಮುಚ್ಚಿ ಮೇಲೆ ಟೈಲ್ಸು ಹಾಕೋಣ. ಚಕ್ರವಿರುವ ಫೈಬರ್ ತೊಟ್ಟಿ ಬಂದಿದೆ, ಬೇಕಾದಾಗ ತಳ್ಳಿಕೊಂಡು ಬರಬಹುದು.

“ಚಕ್ರನಾ?” ಮಾವ ಬಾಗಿಲ ಹತ್ತಿರದಿಂದಲೇ ಕೂಗಿದರು. “ಇದೇನು ದೀಕ್ಷಾಸ್ನಾನನಾ, ತರಕಾರಿ ಗಾಡಿನಾ?”

ಜನ ನಕ್ಕರು. ಮಾವ ನಗಲಿಲ್ಲ. ತೊಟ್ಟಿ ಹೋದರೆ ಆ ಕಟ್ಟಡದಲ್ಲಿ ಅವರು ಬರೀ ಪೊರಕೆ ಹಿಡಿದ ಮನುಷ್ಯ.

ಕೈ ಎತ್ತಿಸಿದರು. ಮುಚ್ಚಬೇಕು ಎಂದು ಇಪ್ಪತ್ತೆಂಟು. ಬೇಡ ಎಂದು ಇಪ್ಪತ್ತೊಂಬತ್ತು, ಮಾವನ ಕಂಬವೂ ಸೇರಿ. ನಾನು ಸೀಟಿ ಹೊಡೆದೆ. ಆಗ ಮೇಷ್ಟ್ರು ಕನ್ನಡಕ ಏರಿಸಿ ನಿಂತರು. ಚರಿತ್ರೆ ಬರೆಯಲೆಂದು ನಾಲ್ಕು ತಿಂಗಳಿಂದ ಹಳೇ ರಿಜಿಸ್ಟರುಗಳನ್ನು ಗೆದ್ದಲಿನ ಹಾಗೆ ತಿನ್ನುತ್ತಿದ್ದರು.

“ಮಾವ, ನಿಮ್ಮ ದೀಕ್ಷಾಸ್ನಾನ ಆಗಿದ್ದು ಯಾವ ವರ್ಷ?”

“ಯಾರದ್ದು?”

“ನಿಮ್ದು.”

“ನಂದಾ?” ಮಾವ ಹಿಂದೆ ತಿರುಗಿ ನೋಡಿದರು, ಅಲ್ಲಿ ಬೇರೆ ಯಾರೋ ನಿಂತಿದ್ದಾರೇನೋ ಎಂಬಂತೆ. “ನಾನು ನೀರು ತುಂಬೋನಲ್ವಾ ಮೇಷ್ಟ್ರೇ.”

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು. ನಲವತ್ತೊಂದು ವರ್ಷ ಪ್ರತಿ ದೀಕ್ಷಾಸ್ನಾನದ ದಿನವೂ ಮೊಣಕಾಲಿನವರೆಗೆ ಒದ್ದೆಯಾಗಿ ನಿಂತಿರುತ್ತಿದ್ದ ಮನುಷ್ಯನನ್ನು ನೋಡಿ, ಇವನು ಮುಳುಗಿಲ್ಲ ಎಂದು ಯಾರಿಗೂ ಹೊಳೆದೇ ಇರಲಿಲ್ಲ. ನನಗೂ.

ಗದ್ದಲ ಎದ್ದಿತು. ನಮ್ಮ ಪಾಸ್ಟರು ಕಡ್ಡಿಯಂಥ ಸಾಧು ಮನುಷ್ಯ. ಯಾವ ಜಗಳಕ್ಕೂ ‘ಎರಡೂ ಕಡೆ ಸರಿ ಇದೆ’ ಎನ್ನುವವರು. ಅವರ ಮುಖ ಬಿಳುಚಿಕೊಂಡಿತು. ಹದಿನಾರು ವರ್ಷದ ಹಿಂದೆ ಅವರನ್ನು ಕರೆಸಿದ್ದೂ ಒಂದೇ ಕೈಯ ಅಂತರದಲ್ಲಿ.

“ಹಾಗಾದ್ರೆ ನಾನು... ಪಾಸ್ಟರ್ ಅಲ್ವಾ?”

ಆರ್ಗನ್ ಬಾರಿಸುವ ಅಜ್ಜಿ ಥಟ್ಟನೆ ಎದ್ದರು. “ನೀವು ಪಾಸ್ಟರ್ ಅಲ್ಲ ಅಂದ್ರೆ ನೀವು ಮಾಡ್ಸಿದ ಮದುವೆನೂ ಮದುವೆ ಅಲ್ಲ. ಹಂಗಿದ್ರೆ ನನ್ನ ಸೊಸೇನ ವಾಪಸ್ ಕಳಿಸ್ಬೋದಾ? ಬೇಗ ಹೇಳಿ, ಬಸ್ಸಿಗೆ ಹೊತ್ತಾಗತ್ತೆ.”

“ಅತ್ತೇ!” ಎಂದರು ಪಕ್ಕದಲ್ಲೇ ಕೂತಿದ್ದ ಸೊಸೆ.

ಕೊನೆಗೆ ಅಜ್ಜಿಯೇ ದಾರಿ ಹೇಳಿದರು. ಒಂದು ವಾರ ತಡೆಯೋಣ. ಬರುವ ಭಾನುವಾರ ಮಾವ ಮುಳುಗಿ ಏಳಲಿ. ಎದ್ದರೆ ಅವರ ಕೈಗೆ ಲೆಕ್ಕ, ಹಿಂದಿನ ನಲವತ್ತೊಂದು ವರ್ಷದ್ದೂ ಸೇರಿ. ಮುಳುಗದಿದ್ದರೆ ಸಮ ಸಮ. ಆಗ ಕಾರ್ಯದರ್ಶಿ ಹೇಳಿದಂತೆ ತೊಟ್ಟಿ ಮುಚ್ಚುವುದು. ಇದಕ್ಕೂ ಕೈ ಎತ್ತಿಸಿದರು. ಅಭ್ಯಾಸಬಲದಿಂದ ಮಾವನ ಬಲಗೈ ಏಳತೊಡಗಿತು. ನಾನು ಹಿಡಿದು ಕೆಳಗೆ ಎಳೆದೆ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಕೇಳಿದಳು. “ಯಾಕಪ್ಪಾ? ಇಷ್ಟು ವರ್ಷ ಯಾಕೆ ಆಗ್ಲಿಲ್ಲ?”

“ಟೈಮ್ ಎಲ್ಲಿತ್ತಮ್ಮಾ? ಬೇರೆಯೋರಿಗೆ ನೀರು ತುಂಬೋದೇ ಆಗೋಯ್ತು.”

“ಅಪ್ಪಾ.”

ಮಾವ ಬೀಗದ ಕೈಗಳನ್ನು ಒಂದೊಂದಾಗಿ ಎಣಿಸಿದರು. ಹದಿನಾಲ್ಕು ಇದ್ದವು. ಆಮೇಲೆ ಹೇಳಿದರು. “ನಂಗೆ ಮುಖ ನೀರೊಳಗೆ ಹೋದ್ರೆ ಆಗಲ್ಲ. ಯಾಕೆ ಅಂತ ಕೇಳ್ಬೇಡ. ಕೆಲವ್ರಿಗೆ ಹಲ್ಲಿ ಆಗಲ್ಲ, ನಂಗೆ ಇದು.”

ಆಗ ನನ್ನ ಹೆಂಡತಿಗೆ ನೆನಪಾಯಿತು. ಅಪ್ಪ ಮುಖ ತೊಳೆದದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಒದ್ದೆ ಟವಲಲ್ಲಿ ಒರೆಸಿಕೊಳ್ಳುತ್ತಿದ್ದರು. ತೊಟ್ಟಿ ತಿಕ್ಕಲು ಇಳಿಯುತ್ತಿದ್ದದ್ದು ಅದು ಒಣಗಿದ ಮೇಲೆ. ಅವಳು ನಗಲು ಹೋಗಿ ಅತ್ತಳು, ಅಳಲು ಹೋಗಿ ನಕ್ಕಳು. ಕೊನೆಗೆ ನನ್ನ ಮೇಲೆ ರೇಗಿದಳು. “ನೋಡ್ತಾ ಕೂತಿದೀರಲ್ಲ, ನೀರಿನ ಕೆಲಸ ತಾನೇ ನಿಮ್ದು? ಕಲಿಸಿ!”

ಸೋಮವಾರದಿಂದ ನನ್ನ ಶೆಡ್ಡಿನಲ್ಲಿ ಪಾಠ. ಪೈಪು, ನಲ್ಲಿಗಳ ನಡುವೆ ಒಂದು ಬಕೆಟ್ಟು ನೀರು, ಮುಂದೆ ಮಂಡಿಯೂರಿದ ಮಾವ. ಬಲಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡೇ ಬಗ್ಗುತ್ತಿದ್ದರು.

“ಎಷ್ಟು ಎಣಿಸಿದ್ರಿ?”

“ಇನ್ನೂ ಮೂಗೇ ಮುಟ್ಟಿಲ್ಲ ಮಾವ.”

“ಮನಸ್ಸಲ್ಲಿ ಮುಟ್ಟಿತ್ತು.”

ಮಂಗಳವಾರ ಮೂಗಿನ ತುದಿ. ಬುಧವಾರ ಒಂದು ಕೆನ್ನೆ. “ಇನ್ನೊಂದು ಕೆನ್ನೆ ನಾಳೆ. ಅದಕ್ಕೆ ಸ್ವಲ್ಪ ಧೈರ್ಯ ಕಮ್ಮಿ” ಎಂದರು. ನಾನು ಸಿಟ್ಟಿಗೆ ಬಕೆಟ್ಟನ್ನು ಒದ್ದೆ. ಕಾಲಿನ ಹೆಬ್ಬೆರಳು ಊದಿತು. “ಬಕೆಟ್ಟಿಗೇನೂ ಆಗಿಲ್ಲ, ಗಾಬರಿ ಆಗ್ಬೇಡಿ” ಎಂದು ಸಮಾಧಾನ ಹೇಳಿದರು. ಗುರುವಾರ ಅವರದ್ದೇ ಒಂದು ಉಪಾಯ: ಖಾಲಿ ಬಕೆಟ್ಟನ್ನು ತಲೆಗೆ ಕವುಚಿಕೊಂಡು ಒಳಗಿನ ಕತ್ತಲೆ ಅಭ್ಯಾಸ ಮಾಡಿಕೊಳ್ಳುವುದು. ಕವುಚಿಕೊಂಡರು, ಅದು ಕಿವಿಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ನಲ್ಲಿ ಕೊಳ್ಳಲು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತಳು. “ಬನ್ನಿ ಬನ್ನಿ, ಏನು ಬೇಕಿತ್ತು?” ಎಂದಿತು ಬಕೆಟ್ಟು. ಆ ಹೆಂಗಸು ಇಂದಿಗೂ ನನ್ನ ಅಂಗಡಿಗೆ ಬರುವುದಿಲ್ಲ. ಕೊನೆಗೆ ಬಕೆಟ್ಟನ್ನು ಗರಗಸದಲ್ಲಿ ಕೊಯ್ದು ಬಿಡಿಸಿದೆ.

ಶುಕ್ರವಾರ ನಾನು ತೊಟ್ಟಿಯ ಸೋರಿಕೆ ನೋಡಲು ಇಳಿದೆ. ಕೆಳಗಿನ ತೂಬಿನ ಸುತ್ತ ಗಾರೆ ಪೊಳ್ಳಾಗಿತ್ತು. ಒಡೆದು ತೆಗೆದೆ. ಒಳಗಿನ ಇಟ್ಟಿಗೆಗೆ ತಾಗಿದ ಕಾಲಿನ ಹೆಬ್ಬೆರಳು ನೀಲಿಯಾಯಿತು. ಊದಿದ ಬೆರಳಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡೆ. ಮೇಲೆ ಸಿಮೆಂಟು ಮೆತ್ತಿದೆ. ಅದು ಬಿಗಿಯಾಗಲು ನಾಲ್ಕು ದಿನ ಬೇಕು, ಇದ್ದದ್ದು ಎರಡು. ಇದು ನನ್ನ ತಪ್ಪೇ. ಆದರೆ ಮೇಷ್ಟ್ರು ಬರೆದದ್ದು ಈ ತಪ್ಪನ್ನಲ್ಲ.

ಶನಿವಾರ ಸಂಜೆ ಶೆಡ್ಡಿನ ಕಟ್ಟೆಯ ಮೇಲೆ ಮಾವ ಟೀ ಕುಡಿಯುತ್ತಾ ಕೂತಿದ್ದರು. ಅಷ್ಟೂ ದಿನದಲ್ಲಿ ಎರಡೂ ಕೆನ್ನೆ ಒಟ್ಟಿಗೆ ನೀರು ಮುಟ್ಟಿರಲಿಲ್ಲ.

“ನಾಳೆ ನೀನು ತೊಟ್ಟಿ ಅಂಚಲ್ಲೇ ನಿಂತ್ಕೋ” ಎಂದರು. ಯಾವತ್ತೂ ‘ಅಳಿಯಂದ್ರೇ’ ಎಂದು ಕೀಟಲೆಗೆ ಬಹುವಚನ ಹಚ್ಚುವವರು ಅಂದು ಹಚ್ಚಲಿಲ್ಲ. “ನಾನು ನಿನ್ನ ಕೈ ಹಿಡ್ಕೋತೀನಿ. ನಂಗೊತ್ತು, ಹಿಡ್ಕೊಂಡೇ ಹಿಡ್ಕೋತೀನಿ. ನೀನು ಬಿಡಿಸ್ಕೊಂಡ್ಬಿಡು. ನಾನು ಬೈದ್ರೂ ಸರಿ.”

“ಬಿಡಿಸ್ಕೋತೀನಿ.”

“ಮಾತು ಕೊಡು.”

“ಕೊಟ್ಟೆ.”

ಭಾನುವಾರ ನಸುಕಿಗೇ ಮಾವ ತಾವೇ ಹೋಗಿ ತೊಟ್ಟಿಗೆ ನೀರು ಬಿಟ್ಟರು. ಬಿಸಿನೀರಿನ ಸರದಿ ಬಂದಾಗ ಬಕೆಟ್ಟು ಹಿಡಿದು ಸುಮ್ಮನೆ ನಿಂತುಬಿಟ್ಟರು. ತಮಗೆ ತಾವೇ ಎಷ್ಟು ಬಕೆಟ್ಟು ಹಾಕಿಕೊಳ್ಳುವುದು? ನಾನು ಕಿತ್ತುಕೊಂಡೆ. ನನಗೆ ಸೊನ್ನೆ ಹಾಕಿದ ಮನುಷ್ಯನಿಗೆ ಅರವತ್ತಮೂರು ಬಕೆಟ್ಟು ಹೊತ್ತೆ, ಬಾಯ್ಲರು ಬರಿದಾಗುವವರೆಗೆ. ಆ ಬಿಸಿಗೆ ನನ್ನ ಹಸಿ ಸಿಮೆಂಟು ಒಳಗೊಳಗೇ ಕರಗುತ್ತಿದೆ ಎಂಬುದು ತಲೆಗೆ ಹೊಳೆಯಲಿಲ್ಲ. ಪಾಸ್ಟರು ತೊಟ್ಟಿಗೆ ಕಾಲಿಟ್ಟವರೇ “ಸ್ತೋತ್ರ!” ಎಂದು ಚೀರಿದರು. ಜನ ಭಕ್ತಿ ಎಂದುಕೊಂಡರು.

ಮಾವನಿಗೆ ಯಾವ ನಿಲುವಂಗಿಯೂ ಸಾಲದೆ ನನ್ನ ಹೆಂಡತಿ ಎರಡನ್ನು ಸೇರಿಸಿ ಹೊಲಿದಿದ್ದಳು. ಮೆಟ್ಟಿಲು ಇಳಿದರು. ನೀರು ಅಂಚಿಗೆ ಬಂತು. ಮುಂದಿನ ಬೆಂಚಿನವರು ಕಾಲು ಮೇಲೆತ್ತಿಕೊಂಡರು. ಪಾಸ್ಟರು ಬೆನ್ನಿಗೆ ಕೈ ಕೊಟ್ಟು ತಂದೆಯ, ಮಗನ ಎಂದು ಹೇಳತೊಡಗಿದರು. ಮಾವನ ಕಣ್ಣು ನನ್ನ ಮೇಲಿತ್ತು. ಆಮೇಲೆ ಮರ ಬಿದ್ದ ಹಾಗೆ ಹಿಂದಕ್ಕೆ ಬಿದ್ದರು.

ತಲೆ ಮುಳುಗಿತು, ಎದೆ ಮುಳುಗಿತು, ಕಾಲು ಮುಳುಗಿತು. ಬಲಗೈ ಮಾತ್ರ ನೀರು ಮುಟ್ಟುವ ಮೊದಲೇ ಮೇಲಕ್ಕೆ ಚಿಮ್ಮಿ ನನ್ನ ಮಣಿಕಟ್ಟು ಹಿಡಿಯಿತು.

ಬಿಗಿಯಾದದ್ದನ್ನು ಬಿಡಿಸುವುದೇ ನನ್ನ ಕಸುಬು. ಹೆಬ್ಬೆರಳಿನ ಕಡೆಗೆ ಒಂದು ತಿರುವು ಕೊಟ್ಟರೆ ಎಂಥ ಹಿಡಿತವೂ ಬಿಡುತ್ತದೆ. ಆದರೆ ಆ ಕೈ ನಡುಗುತ್ತಿತ್ತು. ಹದಿನಾಲ್ಕು ಬೀಗದ ಕೈ ಹೊತ್ತು ನಡೆದ ಮನುಷ್ಯನ ಕೈ ಸೋರುವ ನಲ್ಲಿಯ ಹಾಗೆ ಪಟಪಟ ನಡುಗುತ್ತಿತ್ತು. ನಾನು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯನ್ನೂ ತಂದು ಗಟ್ಟಿಯಾಗಿ ಹಿಡಿದುಕೊಂಡೆ.

ಮಾವ ಎದ್ದರು. ಆರ್ಗನ್ ನಿಂತಿತು.

ಮಾವ ನೀಲಿ. ಕೂದಲು, ಕಿವಿ, ಮೀಸೆ, ಎರಡು ನಿಲುವಂಗಿ, ಎಲ್ಲ ನೀಲಿ. ಪಾಸ್ಟರು ಸೊಂಟದವರೆಗೆ ನೀಲಿ.

“ಅಯ್ಯೋ, ಮೊದಲನೇ ಏಳು ಜನರ ಹಂಗೇ!” ಎಂದು ಅಜ್ಜಿ ಎರಡೂ ಕೈ ಜೋಡಿಸಿದರು. ಕೆಲವರ ಕಣ್ಣಲ್ಲಿ ನೀರು ಬಂತು. ಮಾವ ಬಾಯಲ್ಲಿದ್ದ ನೀರು ಉಗುಳಿ, “ಆಯ್ತಾ? ಬದುಕಿದೀನಾ?” ಎಂದರು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ತೊಟ್ಟಿಯ ಬಳಿಗೆ ಬಂದರು. ಬಗ್ಗಿ ನೋಡಿದರು. ಮಾವನ ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಎಂದಿನ ಬಣ್ಣದಲ್ಲೇ ಇತ್ತು. ನಡುವೆ ಗೆರೆ ಎಳೆದ ಹಾಗೆ.

“ಬಲಗೈ ಮುಳುಗಿಲ್ಲ.”

“ಮೇಷ್ಟ್ರೇ!” ನಾನು ತೋಳು ಮಡಚಿದೆ. “ಈಗ ನಿಮ್ಮನ್ನ ಇದೇ ನೀರಿಗೆ...”

“ರೀ, ಸುಮ್ನಿರಿ” ಎಂದು ಹೆಂಡತಿ ನನ್ನ ಬೆಲ್ಟು ಹಿಡಿದು ಎಳೆದಳು.

“ಕೈ ಎತ್ತೋದು ಬಲಗೈಲಿ. ಅದೇ ಮುಳುಗಿಲ್ಲ ಅಂದ್ಮೇಲೆ ಆ ಕೈಗೆ ಲೆಕ್ಕ ಹೇಗೆ?” ಮೇಷ್ಟ್ರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ನಿಯಮ ನಾನು ಮಾಡಿದ್ದಲ್ಲಪ್ಪ.”

“ಎರಡೂ ಕಡೆ ಸರಿ ಇದೆ” ಎಂದರು ನೀಲಿ ಪಾಸ್ಟರು. “ಇನ್ನೊಂದು ಸಲ ಕೈ ಒಂದನ್ನೇ...”

ಆಗ ಗುಳುಗುಳು ಎಂದು ಸದ್ದಾಯಿತು. ನನ್ನ ಸಿಮೆಂಟು ಪೂರ್ತಿ ಕೈಕೊಟ್ಟಿತ್ತು. ನೋಡನೋಡುತ್ತಿದ್ದಂತೆ ನೀರು ಇಳಿದು, ಮಾವ ಬರಿದಾದ ತೊಟ್ಟಿಯಲ್ಲಿ ನೀಲಿ ಗೋಪುರದ ಹಾಗೆ ಉಳಿದರು. ಮತ್ತೆ ತುಂಬಲು ಆರು ಗಂಟೆ.

“ಎರಡನೇ ಸಲ ಸತ್ರೂ ಇಲ್ಲ” ಎಂದರು ಮಾವ.

ಅಜ್ಜಿ ಎದ್ದರು. “ಅಲ್ರಪ್ಪಾ, ಬಾಕಿ ಮನುಷ್ಯ ಪೂರ್ತಿ ಮುಳುಗಿದಾನೆ ತಾನೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಎದುರಿಗೇ ಬಣ್ಣ ಕಾಣ್ತಿದೆ. ಎಡಗೈಲಿ ಎತ್ಲಿ.”

ಇದಕ್ಕೆ ಮೇಷ್ಟ್ರ ಹತ್ತಿರ ನಿಯಮ ಇರಲಿಲ್ಲ. ಮಾವ ಎಡಗೈ ಎತ್ತಿದರು. ತೊಟ್ಟಿಯ ಒಳಗಿನಿಂದ, ತೊಟ್ಟಿ ಉಳಿಸಲು, ತೊಟ್ಟಿಕ್ಕುವ ನೀಲಿ ಕೈ. ಇಪ್ಪತ್ತೊಂಬತ್ತು. ಪಾಸ್ಟರು ಪಾಸ್ಟರಾಗಿ ಉಳಿದರು, ಅಜ್ಜಿಯ ಸೊಸೆ ಸೊಸೆಯಾಗಿ ಉಳಿದಳು. ಮೇಷ್ಟ್ರು ನಡಾವಳಿ ಪುಸ್ತಕ ತೆರೆದು ದುಂಡಗಿನ ಅಕ್ಷರದಲ್ಲಿ ಬರೆದರು: ‘ಬಲಗೈ ಬಾಕಿ. ಮುಂದಿನ ಸಲ ಮುಳುಗಿಸತಕ್ಕದ್ದು.’

ಮುಂದಿನ ಸಲ ಮಾವನ ಬಲಗೈಗೆ ಬ್ಯಾಂಡೇಜು ಇತ್ತು. ಅದರ ಮುಂದಿನ ಸಲ ಆ ಕೈಗೆ ಶೀತವಾಗಿತ್ತು. “ಕೈಗೆ ಎಲ್ಲಾದ್ರೂ ಶೀತ ಆಗತ್ತಾ ಮಾವ?” ಎಂದರೆ, “ನಿಂಗಾಗಲ್ಲ. ನಿಂದು ಮುಳುಗಿರೋ ಕೈ” ಎಂದರು. ಮತ ಹಾಕುತ್ತಿದ್ದದ್ದು ಎಡಗೈಯಲ್ಲಿ. ಬಲಗೈಯಲ್ಲಿ ಆರಾಧನೆ ಮುಗಿದ ಮೇಲಿನ ಟೀಗೆ ಇಟ್ಟ ಬಿಸ್ಕತ್ತುಗಳನ್ನು ನಾಲ್ಕು ನಾಲ್ಕು ಎತ್ತಿ ಜೇಬಿಗೆ ಇಳಿಸುತ್ತಿದ್ದರು. ಯಾರಾದರೂ ನೋಡಿದರೆ, “ಇದಿನ್ನೂ ಸಭೆಗೆ ಸೇರಿಲ್ಲ, ಇದಕ್ಕೆ ನಿಮ್ಮ ರೂಲ್ಸು ಇಲ್ಲ” ಎನ್ನುತ್ತಿದ್ದರು. ಪುಟ ನಲವತ್ತೇಳನ್ನು ನಾನು ಓದಿ ಹೇಳಿ ಹಲ್ಲು ಕಡಿದಾಗಲೂ ಅವರು ನಕ್ಕರು. “ನಮ್ಮಪ್ಪನ ಬಗ್ಗೆ ಅರ್ಧ ವಾಕ್ಯನೂ ಯಾರೂ ಬರೆದಿಲ್ಲ ಕಣೋ. ನಂಗೆ ಒಂದು ಪೂರ್ತಿ ಸಿಕ್ಕಿದೆ, ಅದ್ರಲ್ಲಿ ನಿಂಗೂ ಪಾಲು.”

ಮೂರು ವರ್ಷ ಹೀಗೇ ತಪ್ಪಿಸಿಕೊಂಡರು. ಒಂದು ಬೆಳಿಗ್ಗೆ ಬಾಯ್ಲರಿನ ಪಕ್ಕದ ಕುರ್ಚಿಯಲ್ಲಿ, ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ಹೋಗಿಬಿಟ್ಟರು. ಬಲಗೈ ಜೇಬಿನಲ್ಲಿತ್ತು. ಜೇಬಿನಲ್ಲಿ ಬಿಸ್ಕತ್ತಿತ್ತು.

ಬೀಗದ ಕೈಗೊಂಚಲು ಈಗ ನನ್ನ ಸೊಂಟದಲ್ಲಿದೆ. ಬಕೆಟ್ಟೂ ನಾನೇ ಹೊರುತ್ತೇನೆ. ಪ್ರತಿ ವರ್ಷದ ಮಹಾಸಭೆಯಲ್ಲಿ ಮೇಷ್ಟ್ರು ಹಳೇ ಬಾಕಿಗಳ ಪಟ್ಟಿ ಓದುತ್ತಾರೆ. ಹಿಂದಿನ ಗೇಟಿಗೆ ಬಣ್ಣ. ಆರನೇ ಬೆಂಚಿನ ಕಾಲು. ಬಲಗೈ. ಆ ಮನುಷ್ಯರೇ ಇಲ್ಲವಾದ್ದರಿಂದ ಕೊನೆಯದನ್ನು ಹೊಡೆದುಹಾಕೋಣ ಎಂದು ಕೇಳುತ್ತಾರೆ. ಬಾಕಿ ಹೊಡೆದುಹಾಕಲು ಎಲ್ಲರೂ ಒಪ್ಪಬೇಕೆಂಬುದು ನಿಯಮ. ಎಲ್ಲರ ಕೈಗಳೂ ಏಳುತ್ತವೆ. ನನ್ನ ಹೆಂಡತಿಯದ್ದೂ.

“ಕೈ ಎತ್ತೋ ಮಾರಾಯ” ಎನ್ನುತ್ತಾರೆ ಮೇಷ್ಟ್ರು. “ಸತ್ತೋರ ಮೇಲೆ ಯಾಕೆ ಬಾಕಿ?”

“ಅವ್ರದಲ್ಲ ಮೇಷ್ಟ್ರೇ, ನಂದು. ಬಿಡಿಸ್ಕೋತೀನಿ ಅಂತ ಮಾತು ಕೊಟ್ಟಿದ್ದೆ.”

“ಸರಿ, ಈಗಲಾದ್ರೂ ತೀರಿಸು. ಎತ್ತು.”

“ಎತ್ತಲ್ಲ.”

ಮೇಷ್ಟ್ರು ನನ್ನನ್ನು ನೋಡುತ್ತಾರೆ, ಏಳನೇ ಕ್ಲಾಸಿನಲ್ಲಿ ನೋಡುತ್ತಿದ್ದ ಹಾಗೆ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಹೊಸ ವರ್ಷದ ಹಾಳೆಗೆ ಮತ್ತೆ ಅದನ್ನೇ ಇಳಿಸಿಕೊಳ್ಳುತ್ತಾರೆ. ಬಲಗೈ ಬಾಕಿ.